ಎತ್ತು ಮಲಗಿದ ಜಾಗ

"ಅಜ್ಜಯ್ಯಾ, ಬೇಸಿಗೆ ರಜೆಗೆ ಮನೆಮಂದಿಗೆಲ್ಲ ಒಪ್ಪುವಂಥ ಊರು ಯಾವುದು?" ಎಂದು ಹಾಲಪ್ಪ ಕೇಳಿದ.

ಹಾಲಪ್ಪ ಜವಳಿ ವ್ಯಾಪಾರಿ. ವರ್ಷವೆಲ್ಲ ಅಂಗಡಿಯಲ್ಲಿ ಕೂತು, ಬೇಸಿಗೆಯಲ್ಲಿ ಒಮ್ಮೆ ಮನೆಯವರನ್ನು ಎಲ್ಲಿಗಾದರೂ ಕರೆದೊಯ್ಯುವುದು ಅವನ ರೂಢಿ. ನಗುತ್ತಾ ಹೋಗಿ ಮುಖ ಊದಿಸಿಕೊಂಡು ಬರುವುದು ಮನೆಯವರ ರೂಢಿ. ಮಠದ ಜಗಲಿಯಲ್ಲಿ ಗುರುಗಳಾದ ಅಜ್ಜಯ್ಯನವರ ಮುಂದೆ ಕೂತು ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಕಡಲಿನ ಊರಲ್ಲಿ ಬೆವರು. ಬೆಟ್ಟದ ಊರಲ್ಲಿ ಮಂಗಗಳ ಕಾಟ. ಜಲಪಾತಕ್ಕೆ ಹೋದರೆ ಬೇಸಿಗೆಯಲ್ಲಿ ಬರೀ ಬಂಡೆ. ಯಾವ ಊರಿಗೆ ಯಾವ ಬಸ್ಸು, ಎಲ್ಲಿ ಕೋಣೆ ಚೊಕ್ಕಟ, ಎಲ್ಲಿ ಊಟ ಸಪ್ಪೆ, ಅವನಿಗೆ ತಿಳಿಯದ್ದಿಲ್ಲ.

"ಇಷ್ಟು ತಿರುಗಿದರೂ ನಮ್ಮ ಮನೆಗೆ ಸರಿಹೊಂದುವ ಊರು ಸಿಗಲಿಲ್ಲ," ಎಂದ. "ನೀವು ದೇಶ ಸುತ್ತಿದವರು. ಒಂದು ಊರು ಹೇಳಿಬಿಡಿ. ಕಣ್ಣು ಮುಚ್ಚಿಕೊಂಡು ಹೋಗುತ್ತೇನೆ."

"ಕಣ್ಣು ಮುಚ್ಚಿಕೊಂಡೇ?" ಎಂದು ಅಜ್ಜಯ್ಯ ನಕ್ಕರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಈ ಕತೆ ಹೇಳಿದರು.

ಒಬ್ಬ ಗಾಡಿಕಾರನಿದ್ದ. ಸಂತೆಯಿಂದ ಸಂತೆಗೆ ಸರಕು ಸಾಗಿಸುವುದು ಅವನ ಬದುಕು. ಉಪ್ಪಾಗಲಿ, ಬೆಲ್ಲವಾಗಲಿ, ಮಣ್ಣಿನ ಮಡಕೆಯಾಗಲಿ, ಅವನ ಗಾಡಿಗೆ ಹೇರಿದ್ದು ಹೇರಿದ ಹಾಗೇ ಇಳಿಯುತ್ತಿತ್ತು. ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಅವನು ಒಂದು ಮೂಟೆಯನ್ನು ಅತ್ತ ಸರಿಸಿ, ಇನ್ನೊಂದನ್ನು ಇತ್ತ ಎಳೆದು, ನೊಗವನ್ನು ಒಂದೇ ಬೆರಳಲ್ಲಿ ಎತ್ತಿ ನೋಡುತ್ತಿದ್ದ. ಅದು ಹಗುರಾಗಿ ಎದ್ದರೆ ಮಾತ್ರ ಗಾಡಿ ಹೂಡುತ್ತಿದ್ದ.

ಎತ್ತುಗಳೆಂದರೆ ಅವನಿಗೆ ಜೀವ. ಒಂದರ ಹೆಸರು ಕೆಂದ, ಇನ್ನೊಂದರದು ಮಾಸ. ದಾರಿಯಲ್ಲಿ ತಂಗುವಾಗ ಬೇರೆ ಗಾಡಿಕಾರರು ಹುಲ್ಲು ನೋಡುತ್ತಿದ್ದರು, ನೀರು ನೋಡುತ್ತಿದ್ದರು. ಇವನೂ ನೋಡುತ್ತಿದ್ದ, ಆದರೆ ಅಷ್ಟಕ್ಕೇ ನಂಬುತ್ತಿರಲಿಲ್ಲ. ಹಸಿದ ಎತ್ತು ಎಲ್ಲಿ ಬಿಟ್ಟರೂ ಮೇಯುತ್ತದೆ. ಹೆದರಿಕೆ ಇದ್ದರೂ ಮೇಯುತ್ತದೆ, ಮೈಯಲ್ಲಿ ನೋವಿದ್ದರೂ ಮೇಯುತ್ತದೆ. ಮೇಯ್ದ ಮೇಲೆ ಮುಂಗಾಲು ಮಡಿಸಿ ಮಲಗಿ, ಕಣ್ಣು ಅರೆ ಮುಚ್ಚಿ ಮೆಲುಕು ಹಾಕಿತು ಅನ್ನಿ, ಆಗ ಆ ಜಾಗ ಅದಕ್ಕೆ ಒಗ್ಗಿತು ಎಂದು ಲೆಕ್ಕ. ಎತ್ತು ಮೆಲುಕು ಹಾಕದ ಕಡೆ ಅವನು ಇನ್ನೊಂದು ಸಲ ಗಾಡಿ ನಿಲ್ಲಿಸುತ್ತಿರಲಿಲ್ಲ.

ಮೆಲುಕು ಹಾಕುವ ಎತ್ತನ್ನು ಅವನು ಎಬ್ಬಿಸುತ್ತಲೂ ಇರಲಿಲ್ಲ. ಜೊತೆಯ ಗಾಡಿಗಳು ಹೊರಟು ಹೋಗಲಿ, ಸಂತೆಯೇ ತಪ್ಪಲಿ, ಅವು ತಾವಾಗಿ ಏಳುವವರೆಗೆ ಬಾರುಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. "ಇವನು ಎತ್ತಿನ ಮಗನೋ ಎತ್ತು ಇವನ ಮಗನೋ" ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಬೈಗುಳ ಎಂದುಕೊಂಡವನಲ್ಲ.

ಮನೆಯಲ್ಲಿ ಅವನ ತಾಯಿ ಇದ್ದಳು, ಹೆಂಡತಿ ಇದ್ದಳು. ಮದುವೆಯ ವಯಸ್ಸಿಗೆ ಬಂದ ಮಗಳು ಸಾವಂತ್ರಿ. ಮರ ಕಂಡಲ್ಲಿ ಹತ್ತುವ ಮಗ ಕೊಟ್ರ. ವರ್ಷದ ಹೆಚ್ಚು ದಿನ ಗಾಡಿಕಾರನಿಗೆ ದಾರಿಯೇ ಮನೆ. ಬೇಸಿಗೆಯಲ್ಲಿ ಸಂತೆಗಳು ಸೊರಗಿದಾಗ ಮಾತ್ರ ಸರಕಿನ ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಚಾಪೆ ಹೊದಿಸಿ, ಎಲ್ಲರನ್ನೂ ಕೂರಿಸಿಕೊಂಡು ಎಲ್ಲಿಗಾದರೂ ಹೋಗುತ್ತಿದ್ದ.

ಎಲ್ಲಿಗೆ ಎಂಬುದನ್ನು ಅವನೇ ಗೊತ್ತು ಮಾಡುತ್ತಿದ್ದ. ಊರುಗಳನ್ನು ಕಂಡವನು ಮನೆಯಲ್ಲಿ ಅವನೊಬ್ಬನೇ ತಾನೆ? ಆದರೆ ಪ್ರತಿ ಸಲವೂ ಏನಾದರೊಂದು ಕೆಡುತ್ತಿತ್ತು. ಹಿಂದಿನ ಬೇಸಿಗೆ ಎರಡು ಹೊಳೆ ಕೂಡುವ ಕಡೆ ಹೋಗಿದ್ದರು. ವಾಪಸು ಬರುವಾಗ ಅತ್ತೆ ಗಾಡಿಯ ಮುಂದಿನ ತುದಿಯಲ್ಲಿ, ಸೊಸೆ ಹಿಂದಿನ ತುದಿಯಲ್ಲಿ, ನಡುವೆ ಮಾತಿಲ್ಲ ಕತೆಯಿಲ್ಲ.

"ಭಾರ ಸರಿಸಮ ಕೂತಿದೆ ಬಿಡಿ. ನನ್ನ ಎತ್ತಿಗೆ ಸುಖ," ಎಂದು ಗಾಡಿಕಾರ ನಗಿಸಲು ನೋಡಿದ. ಯಾರೂ ನಗಲಿಲ್ಲ. ಮನೆ ಮುಟ್ಟುವವರೆಗೂ ಎತ್ತಿನ ಗಂಟೆಯ ಸದ್ದೊಂದೇ.

ಈ ಬೇಸಿಗೆ ಹಾಗಾಗಬಾರದಿತ್ತು. ಸಾವಂತ್ರಿಗೆ ಮದುವೆ ಗೊತ್ತಾಗಿತ್ತು. ಮಳೆ ಹಿಡಿಯುವ ಹೊತ್ತಿಗೆ ಅವಳು ದೂರದ ಮನೆ ಸೇರುವವಳು. ಎಲ್ಲರೂ ಒಂದೇ ಗಾಡಿಯಲ್ಲಿ ಕೂರುವುದು ಇದೇ ಕಡೆಯ ಬೇಸಿಗೆ. ಇದೊಂದು ಸಲ ಯಾರ ಮುಖವೂ ಬಾಡಬಾರದು, ಮಗಳು ಗಂಡನ ಮನೆಗೆ ಹೋಗುವಾಗ ನೆನೆಸಿಕೊಳ್ಳಲು ಒಂದು ಒಳ್ಳೆಯ ಪ್ರಯಾಣವಾದರೂ ಇರಬೇಕು ಎಂದು ಗಾಡಿಕಾರ ಆಸೆಪಟ್ಟ. ಆದ್ದರಿಂದ ಎಂದೂ ಮಾಡದ ಕೆಲಸ ಮಾಡಿದ. ಎಲ್ಲಿಗೆ ಹೋಗೋಣ ಎಂದು ಒಬ್ಬೊಬ್ಬರನ್ನೇ ಕೇಳಿದ.

ತಾಯಿ ಅಂಗಾಲಿಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು. "ಊರಿನ ಹೆಸರು ಕಟ್ಟಿಕೊಂಡು ನನಗೇನಾಗಬೇಕಪ್ಪಾ? ಕಾಲುರಿಗೆ ನಿದ್ದೆ ಇಲ್ಲ. ಕಾಲಿಗೆ ತಂಪಾಗೋ ಕಡೆ ಕರ್ಕೊಂಡು ಹೋಗು, ಸಾಕು."

ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆ, "ಒಲೆ ಇಲ್ಲದ ಊರು ಯಾವುದಾದರೂ ಇದ್ದರೆ ನೋಡ್ರಿ," ಎಂದಳು. ಗಾಡಿಕಾರ ನಕ್ಕ. ಅವಳು ನಗದೆ ರೊಟ್ಟಿ ತಿರುವಿ ಹಾಕಿದಳು.

ಕೊಟ್ರನನ್ನು ಕೇಳಬೇಕಾಗಿಯೇ ಇರಲಿಲ್ಲ. "ಮರ ಇರಬೇಕು, 'ಇಳಿಯೋ' ಅನ್ನೋರು ಇರಬಾರದು," ಎಂದು ಕೂಗಿದ.

ಸಾವಂತ್ರಿ ಮಾತ್ರ, "ಎಲ್ಲಿಗಾದರೂ ಸರಿ ಅಪ್ಪಾ. ಎಲ್ಲರೂ ಒಟ್ಟಿಗೆ ಇದ್ದರಾಯ್ತು," ಎಂದಳು.

"ಹಾಗಂದರೆ ಹೇಗವ್ವಾ? ಈ ಸಲ ನಿನಗೋಸ್ಕರ ಹೋಗೋದು. ಬಾಯಿಬಿಟ್ಟು ಏನಾದರೂ ಕೇಳು."

"ಕೇಳಿದೆನಲ್ಲ," ಎಂದು ಅವಳು ಕೊಡ ಎತ್ತಿಕೊಂಡು ಹೊರಗೆ ಹೋದಳು.

ಗಾಡಿಕಾರ ಈ ಮಾತುಗಳನ್ನೆಲ್ಲ ಮೂಟೆ ಹೇರಿದ ಹಾಗೆ ಹೇರತೊಡಗಿದ. ತಂಪು ಎಂದರೆ ಬೆಟ್ಟ. ಒಲೆ ಇಲ್ಲದ್ದು ಎಂದರೆ ದಾಸೋಹ ನಡೆಯುವ ಊರು, ಬಂದವರಿಗೆಲ್ಲ ಮಠದಲ್ಲೇ ಊಟ. ಮರ ಎಂದರೆ ಮಾವಿನ ತೋಪು. ಮಗಳು ಏನೂ ಕೇಳಲಿಲ್ಲವಲ್ಲ ಎಂದು ಅವಳ ಪಾಲಿಗೆ ಎಲ್ಲಕ್ಕಿಂತ ದೊಡ್ಡದನ್ನು ಇಟ್ಟ. ಅವಳಿಗೆ ದೋಣಿ ಬಿಡುವ ಕೆರೆ. ಇಷ್ಟೂ ಇರುವ ಊರೊಂದನ್ನು ಅವನು ಬೆಲ್ಲದ ಮೂಟೆ ಇಳಿಸಿ ತಂಗದೆ ಮರಳುವಾಗ ಒಮ್ಮೆ ಕಂಡಿದ್ದ. ಮೋಡಗಿರಿ ಎಂದು ಅದರ ಹೆಸರು.

ಮೋಡಗಿರಿ ಎಂದ ಕೂಡಲೇ ಎಲ್ಲರೂ ಹೂಂ ಎಂದರು. ಅತ್ತೆ ಬೇಡ ಎನ್ನಲಿಲ್ಲ, ಸೊಸೆ ಗೊಣಗಲಿಲ್ಲ. ನೊಗ ಒಂದೇ ಬೆರಳಿಗೆ ಎದ್ದ ಹಾಗಾಯಿತು ಗಾಡಿಕಾರನಿಗೆ. ಕೆಂದನ ಕೊಂಬಿಗೂ ಮಾಸನ ಕೊಂಬಿಗೂ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿಸಿಕೊಂಡು, ನಸುಕಿನಲ್ಲೇ ಗಾಡಿ ಹೂಡಿದ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದಾರಿಯಲ್ಲಿ ಒಂದು ಅರವಟ್ಟಿಗೆ ಸಿಕ್ಕಿತು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡಲೆಂದು ಹತ್ತಿರದ ಊರಿನವರು ಹಾಕಿದ ಗರಿಯ ಚಪ್ಪರ ಅದು. ಪಕ್ಕದಲ್ಲಿ ಬಾವಿ. ಮೇಲೆ ದೊಡ್ಡದೊಂದು ಹೊಂಗೆ ಮರ. ಚಪ್ಪರದೊಳಗೆ ದಪ್ಪನಾಗಿ ಮರಳು ಹಾಸಿ, ಅದರ ಮೇಲೆ ನೀರಿನ ಹರವಿಗಳನ್ನು ಸಾಲಾಗಿ ಇಟ್ಟಿದ್ದರು. ಮಣ್ಣಿನ ಹರವಿ ಜಿನುಗಿ ಜಿನುಗಿ ಮರಳೆಲ್ಲ ಒದ್ದೆಯಾಗಿತ್ತು. ಬೇಸಿಗೆ ಮುಗಿಯುವವರೆಗೆ ನೀರು ಕೊಡುತ್ತೇನೆಂದು ಹರಕೆ ಹೊತ್ತ ಒಬ್ಬ ಮುದುಕಿ ಅಲ್ಲಿ ಕೂತಿದ್ದಳು.

"ಇಲ್ಲಿ ಎತ್ತಿಗೆ ನೀರು ಕುಡಿಸೋದಷ್ಟೇ. ಯಾರೂ ಇಳೀಬೇಡಿ," ಎಂದ ಗಾಡಿಕಾರ. "ಬೇಗ ಮುಟ್ಟಿದರೆ ಛತ್ರದಲ್ಲಿ ಗಾಳಿ ಬರೋ ಕೋಣೆ ಸಿಗುತ್ತೆ."

ಅವನು ಹೇಳಿ ಮುಗಿಸುವಷ್ಟರಲ್ಲಿ ಎಲ್ಲರೂ ಇಳಿದಾಗಿತ್ತು.

ತಾಯಿ ಚಪ್ಪರದೊಳಗೆ ಹೋಗಿ ನೀರು ಕೇಳಿದಳು. ಕೇಳುತ್ತಾ ಒದ್ದೆ ಮರಳಿನ ಮೇಲೆ ಕಾಲಿಟ್ಟಳು. ಇಟ್ಟವಳು ಅಲ್ಲೇ ನಿಂತಳು. ಆಮೇಲೆ ಮೆಲ್ಲಗೆ ಕೂತು, ಎರಡೂ ಪಾದಗಳನ್ನು ಮರಳಿನೊಳಗೆ ಹುಗಿದುಕೊಂಡು, "ಅಯ್ಯೋ ನನ್ನವ್ವಾ" ಎಂದು ಕಣ್ಣು ಮುಚ್ಚಿದಳು.

"ನೀರು ಬಾಯಿಗೆ ಕೇಳಿದೆಯೋ ಕಾಲಿಗೋ?" ಎಂದಳು ಅರವಟ್ಟಿಗೆಯ ಮುದುಕಿ.

"ಮೊದಲು ಕಾಲಿಗೆ ಕುಡಿಸಿಬಿಡು ತಾಯಿ. ಬಾಯಿ ಕಾಯುತ್ತೆ."

ಮುದುಕಿ ನಗುತ್ತಾ ಇನ್ನೊಂದು ಚೆಂಬು ನೀರನ್ನು ಆ ಪಾದಗಳ ಮೇಲೆ ಸುರಿದಳು.

ಹೆಂಡತಿ ಬುತ್ತಿ ಬಿಚ್ಚಿ ಎಲ್ಲರಿಗೂ ಕೊಟ್ಟಳು. ಮಜ್ಜಿಗೆ ಕುಡಿದಳು. ಕುಡಿದ ಕೂಡಲೇ, ರೂಢಿಯ ಹಾಗೆ, ಚೆಂಬುಗಳನ್ನು ಒಟ್ಟುಮಾಡಿಕೊಂಡು ತೊಳೆಯಲು ಹೊರಟಳು. ಮುದುಕಿ ಅವಳ ಕೈಯಿಂದ ಚೆಂಬು ಕಸಿದುಕೊಂಡಳು. "ಇಡೇ ಕೆಳಗೆ! ಇಲ್ಲಿ ಬಂದವರು ಕೆಲಸ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ನನ್ನ ಹರಕೆ ಕೆಡುತ್ತೆ. ಹೋಗು, ಸುಮ್ಮನೆ ಕೂತ್ಕೋ."

ಸುಮ್ಮನೆ ಹೇಗೆ ಕೂರುವುದು ಎಂಬುದು ಅವಳಿಗೆ ಮರೆತೇ ಹೋಗಿತ್ತು. ಸೆರಗು ಸರಿಪಡಿಸಿಕೊಂಡಳು. ಎದ್ದಳು, ಮತ್ತೆ ಕೂತಳು. ಹೊಂಗೆಯ ಬೇರಿಗೆ ಒರಗಿದಳು. ಒರಗಿದವಳು ಜಾರಿ, ತೋಳನ್ನು ತಲೆಗೆ ಕೊಟ್ಟು, ನಿದ್ದೆ ಹೋದಳು.

ಎತ್ತಿಗೆ ನೀರು ಕುಡಿಸಿ ಬಂದ ಗಾಡಿಕಾರ ಅದನ್ನು ಕಂಡು ಗಾಬರಿಯಾದ. ಮೈ ಸರಿಯಿಲ್ಲವೇನೋ ಎಂದು ಬಗ್ಗಿ ನೋಡಿದ. ಮೈ ಸರಿಯಾಗಿಯೇ ಇತ್ತು. ಉಸಿರು ಒಂದೇ ಸಮ ಬರುತ್ತಿತ್ತು, ಬಾಯಿ ಕೊಂಚ ತೆರೆದಿತ್ತು. ಬಿಸಿಲ ಹೊತ್ತಿನಲ್ಲಿ ಇವಳು ಮಲಗಿದ್ದನ್ನು ತಾನು ನೋಡಿದ್ದೇ ಇಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಅವನು ಹೊರಡುವಾಗ ಅವಳು ಎದ್ದಿರುತ್ತಿದ್ದಳು. ಬರುವಾಗಲೂ ಎದ್ದಿರುತ್ತಿದ್ದಳು. ಗುರುತು ಸಿಗದವರನ್ನು ನೋಡುವ ಹಾಗೆ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ, ದಾರಿ ಇನ್ನೂ ಇದೆಯಲ್ಲ ಎಂದು ನೆನಪಾಗಿ ಎತ್ತಿನ ಕಡೆ ಹೋದ.

ಎತ್ತುಗಳು ಮಲಗಿದ್ದವು. ಕೆಂದ ಮಾಸನ ಬೆನ್ನಿಗೆ ಬೆನ್ನು ತಾಗಿಸಿ, ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಇನ್ನೇನು ಮಾಡುವುದು? ಗಾಡಿಕಾರ ಬಾರುಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಕೊಟ್ರ ಹೊಂಗೆ ಮರದ ಮೇಲಿದ್ದ. "ಹತ್ತು ಹತ್ತು, ಎಡಗಡೆ ಕೊಂಬೆ ಗಟ್ಟಿ," ಎಂದು ಮುದುಕಿ ಕೆಳಗಿನಿಂದ ಹುರಿದುಂಬಿಸುತ್ತಿದ್ದಳು. ಸಾವಂತ್ರಿ ಅಮ್ಮನ ಪಕ್ಕದಲ್ಲಿ ಕೂತು, ಸೆರಗಿನ ತುದಿಯಿಂದ ಅವಳ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ಒಮ್ಮೆ ಅಮ್ಮನನ್ನು ನೋಡುವಳು, ಒಮ್ಮೆ ಮರಳಿನಲ್ಲಿ ಕಾಲು ಹುಗಿದ ಅಜ್ಜಿಯನ್ನು, ಒಮ್ಮೆ ಮೇಲೆ ತಮ್ಮನನ್ನು, ಒಮ್ಮೆ ಅಪ್ಪನನ್ನು. ಮತ್ತೆ ಮೊದಲಿಂದ.

ನೆರಳು ಸರಿಯಿತು. ಎತ್ತುಗಳು ಮೆಲುಕು ಮುಗಿಸಿ ಮೈ ಮುರಿದು ಎದ್ದವು. ಗಾಡಿಕಾರ ತಟ್ಟನೆ ಎದ್ದು ಕೈ ತಟ್ಟಿದ.

"ಏಳಿ, ಏಳಿ! ಹೊತ್ತಾಯ್ತು."

ಹೆಂಡತಿಯ ಭುಜ ಹಿಡಿದು ಅಲುಗಿಸಿದ. ಅವಳು ಬೆಚ್ಚಿ ಎದ್ದು, "ಅಯ್ಯೋ, ಹಿಟ್ಟು ನಾದಿಲ್ಲ," ಎಂದಳು. ಎಲ್ಲಿದ್ದೇನೆಂದು ತಿಳಿದ ಮೇಲೆ ನಾಚಿಕೊಂಡು ತುರುಬು ಕಟ್ಟಿಕೊಂಡಳು.

"ಇನ್ನೊಂದು ಗಳಿಗೆ ಇರೋಣ ಕಣೋ," ಎಂದಳು ತಾಯಿ, ಕಾಲು ಮರಳಿನಿಂದ ತೆಗೆಯದೆ.

"ಅವ್ವಾ, ಮೋಡಗಿರಿಯಲ್ಲಿ ಇದರ ನಾಲ್ಕರಷ್ಟು ತಂಪು. ಇದೇನು ಊರೇ? ಬರೀ ದಾರಿ."

ಗಾಡಿ ಹೂಡುವಾಗ ಅರವಟ್ಟಿಗೆಯ ಮುದುಕಿ ಹತ್ತಿರ ಬಂದಳು. "ಎತ್ತು ಏಳೋವರೆಗೂ ಕಾದೆಯಲ್ಲಪ್ಪಾ. ಎತ್ತಿನ ಮೇಲೆ ಭಾರೀ ಅಕ್ಕರೆ ನಿನಗೆ."

ಗಾಡಿಕಾರನ ಎದೆ ಉಬ್ಬಿತು. "ಹೌದವ್ವಾ. ಮೆಲುಕು ಹಾಕೋ ಜೀವವನ್ನ ನಾನು ಯಾವತ್ತೂ ಎಬ್ಬಿಸಿದವನಲ್ಲ."

ಮುದುಕಿ ತುರುಬು ಕಟ್ಟಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿದಳು. ಅವನನ್ನು ನೋಡಿದಳು. "ಒಳ್ಳೇದು ಬಿಡು," ಎಂದು ಹರವಿಯ ಕಡೆ ನಡೆದಳು.

ಮೋಡಗಿರಿ ಸುಳ್ಳು ಹೇಳಲಿಲ್ಲ. ಅವನು ಹೇಳಿದ್ದೆಲ್ಲ ಅಲ್ಲಿತ್ತು. ಗಾಳಿ ಬರುವ ಕೋಣೆಯೂ ಸಿಕ್ಕಿತು. ಗಾಳಿ ಎಷ್ಟು ಬಂತೆಂದರೆ ತಾಯಿ ಇದ್ದಬದ್ದ ಸೀರೆಯನ್ನೆಲ್ಲ ಹೊದ್ದು ಕೂತಳು. ಮೈಯೇನೋ ತಣ್ಣಗಾಯಿತು. ಬೆಳಗ್ಗೆ ದೇವರ ದರ್ಶನಕ್ಕೆಂದು ಕಲ್ಲಿನ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅಂಗಾಲು ಮತ್ತೆ ಕೆಂಡವಾಯಿತು.

ಹೆಂಡತಿಯನ್ನು ಊಟಕ್ಕೆ ದಾಸೋಹದ ಮನೆಗೆ ಕರೆದೊಯ್ದ. ಅಲ್ಲಿ ಹೆಂಗಸರೆಲ್ಲ ಸೇರಿ ರೊಟ್ಟಿ ತಟ್ಟುತ್ತಿದ್ದರು. ಯಾರೂ ಅವಳನ್ನು ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ಉಣ್ಣುವ ಕಡೆ ಕೈ ಕಟ್ಟಿ ಕೂರುವುದು ಹೇಗೆ ಎಂದು ಅವಳೇ ಸೆರಗು ಸಿಕ್ಕಿಸಿದಳು. ಒಲೆ ಇಲ್ಲದ ಊರು ಕೇಳಿದವಳು ಊರಿಗೆಲ್ಲ ಆಗುವಂಥ ಒಲೆಯ ಮುಂದೆ ಕೂತಳು.

ತೋಪಿಗೆ ಕಾವಲುಗಾರನಿದ್ದ. ಕೊಟ್ರನ ಕತೆ ಬೇರೆ ಹೇಳಬೇಕಾಗಿಲ್ಲ.

ಉಳಿದದ್ದು ಮಗಳು. ದೋಣಿಗೆ ಜನ ಸಾಲುಗಟ್ಟಿದ್ದರು. ಅಜ್ಜಿಗೆ ದೋಣಿ ಏರಲು ಭಯ. ಅಮ್ಮ ಒಲೆಯ ಮುಂದೆ. ತಮ್ಮ ಬೈಸಿಕೊಂಡು ಮೂಲೆ ಹಿಡಿದಿದ್ದ. ಗಾಡಿಕಾರ ಮಗಳನ್ನು ಬಲವಂತವಾಗಿ ಹತ್ತಿಸಿದ. ಗುರುತಿಲ್ಲದವರ ನಡುವೆ ಒಬ್ಬಳೇ ಕೂತು ಅವಳು ಕೈ ಬೀಸಿದಳು. ದಡದಿಂದ ಇವನೂ ಬೀಸಿದ. ಅವಳು ನಗುತ್ತಲೇ ಇದ್ದಳು. ಆಮೇಲೆ ದೋಣಿ ತಿರುಗಿತು. ಅವಳ ಬೆನ್ನು ಮಾತ್ರ ಕಂಡಿತು. ಮಳೆ ಬಿದ್ದ ಮೇಲೆ ಹೀಗೇ ಅಲ್ಲವೇ ಇವಳು ಹೋಗುವುದು ಎಂದುಕೊಂಡು ಅವನು ಬೀಸುತ್ತಿದ್ದ ಕೈ ಇಳಿಸಿದ.

ಹೊತ್ತು ಇಳಿಯುವಾಗ ಎಲ್ಲರೂ ಒಂದೆಡೆ ಸೇರಿದರು. "ಹೇಗಿದೆ ಮೋಡಗಿರಿ?" ಎಂದು ಕೇಳಿದ.

"ಚೆನ್ನಾಗಿದೆ," ಎಂದಳು ತಾಯಿ.

"ಚೆನ್ನಾಗಿದೆ ರೀ," ಎಂದಳು ಹೆಂಡತಿ.

"ತುಂಬಾ ಚೆನ್ನಾಗಿದೆ ಅಪ್ಪಾ," ಎಂದಳು ಮಗಳು.

ಯಾರ ಮುಖವೂ ಊದಿರಲಿಲ್ಲ. ಜಗಳ ಇರಲಿಲ್ಲ. ಅವನು ಬೇಡಿಕೊಂಡದ್ದು ಇದನ್ನೇ. ಆದರೂ ಹೇರಿದ ಗಾಡಿ ಎಲ್ಲೋ ಒಂದು ಕಡೆ ವಾಲಿದ ಹಾಗೆ ಅವನಿಗೆ ಅನ್ನಿಸಿತು. ಸಮಾಧಾನಕ್ಕೆ ಎತ್ತಿನ ಹತ್ತಿರ ಹೋದ.

ಹಾಕಿದ ಹುಲ್ಲು ಖಾಲಿಯಾಗಿತ್ತು. ಕೆಂದ ನಿಂತಿತ್ತು. ಮಾಸನೂ ನಿಂತಿತ್ತು. ಅವನು ಕೆಂದನ ದವಡೆಗೆ ಕೈ ಇಟ್ಟು ನೋಡಿದ. ದವಡೆ ಆಡುತ್ತಿರಲಿಲ್ಲ. ಗೊತ್ತಿಲ್ಲದ ಗಾಳಿ, ಗೊತ್ತಿಲ್ಲದ ಗದ್ದಲ. ಮೇಯ್ದಿದ್ದವು, ಮಲಗಿರಲಿಲ್ಲ.

ಹುಲ್ಲು ಖಾಲಿಯಾಯಿತೆಂದು ಜಾಗವನ್ನು ನಂಬುವ ಗಾಡಿಕಾರ ತಾನಲ್ಲ. ಹಾಗಿದ್ದರೆ 'ಚೆನ್ನಾಗಿದೆ' ಎಂದದ್ದನ್ನು ಹೇಗೆ ನಂಬಿದೆ? ದವಡೆಯ ಮೇಲೆ ಇಟ್ಟ ಕೈ ಅಲ್ಲೇ ನಿಂತಿತು. ಹೊಂಗೆಯ ಬೇರಿಗೆ ಒರಗಿ ಬಾಯಿ ತೆರೆದು ಮಲಗಿದ ಮುಖ ಕಣ್ಣಿಗೆ ಬಂತು. ಒದ್ದೆ ಮರಳಿನಲ್ಲಿ ಹುಗಿದ ಪಾದಗಳು ಬಂದವು. ಒಬ್ಬೊಬ್ಬರನ್ನೇ ನೋಡಿ, ಮತ್ತೆ ಮೊದಲಿಂದ ನೋಡುತ್ತಿದ್ದ ಮಗಳು ಬಂದಳು. 'ಎತ್ತಿನ ಮೇಲೆ ಭಾರೀ ಅಕ್ಕರೆ ನಿನಗೆ' ಎಂದ ಮುದುಕಿಯ ಮಾತು ಬಂತು. ಅದನ್ನು ಅವನು ಹೊಗಳಿಕೆ ಎಂದುಕೊಂಡಿದ್ದ. ಎರಡು ಎತ್ತು ಏಳುವವರೆಗೆ ಕಾದು ಕೂತವನು, ಅವು ಎದ್ದದ್ದೇ ತಡ, ಹೆಂಡತಿಯ ಭುಜ ಹಿಡಿದು ಅಲುಗಿಸಿದ್ದ.

ಬೆಳಗಾಗುತ್ತಲೇ ಗಾಡಿ ಹೂಡಿದ.

"ಇನ್ನೂ ಇರೋಣ ಅಂದಿದ್ರಲ್ಲ?" ಎಂದಳು ಹೆಂಡತಿ.

"ಎತ್ತು ಮೆಲುಕು ಹಾಕ್ತಿಲ್ಲ," ಎಂದ.

ತಾಯಿ ಗಾಡಿಯೊಳಗೆ ಕೂತವಳು ಕಿಸಕ್ಕನೆ ನಕ್ಕಳು. "ಎತ್ತು ಮಾತ್ರವೇನೋ?"

ಅವನ ಕಿವಿಯ ತುದಿ ಕೆಂಪಾಯಿತು. ಬೆಟ್ಟದ ಬುಡದ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಒಂದು ಚೀಲ ಮಂಡಕ್ಕಿ, ಒಂದು ಗೊನೆ ಬಾಳೆಹಣ್ಣು, ಕೊಬ್ಬರಿ, ಬೆಲ್ಲ ಹೇರಿಕೊಂಡ. "ಇದೆಲ್ಲ ಯಾಕ್ರಿ?" ಎಂದು ಹೆಂಡತಿ ಕೇಳಿದಳು. "ಒಲೆ ಇಲ್ಲದ ಊರಿಗೆ," ಎಂದ. ಅವಳು ಅವನನ್ನೇ ನೋಡಿದಳು. ಮುಖವನ್ನು ಆಚೆ ತಿರುಗಿಸಿ ನಕ್ಕಳು.

ಅರವಟ್ಟಿಗೆಯ ಹತ್ತಿರ ಅವನು ಹಗ್ಗ ಎಳೆಯಬೇಕಾಗಲಿಲ್ಲ. ಎತ್ತುಗಳು ತಾವಾಗಿ ದಾರಿ ಬಿಟ್ಟು ಹೊಂಗೆಯ ಕೆಳಗೆ ಹೋಗಿ ನಿಂತವು.

"ಮಜ್ಜಿಗೆ ಹುಳಿಯಾಗೋಕೆ ಮುಂಚೆಯೇ ಬಂದ್ರಲ್ಲ!" ಎಂದಳು ಮುದುಕಿ. "ಏನು ಮರೆತು ಹೋಗಿದ್ರಿ?"

"ನನ್ನ ಕಾಲು," ಎಂದಳು ತಾಯಿ. ಆಗಲೇ ಮರಳಿನಲ್ಲಿ ಕೂತಾಗಿತ್ತು.

ಆ ದಿನ ಅಲ್ಲೇ ಉಳಿದರು. ಮರುದಿನವೂ ಉಳಿದರು. ಮಂಡಕ್ಕಿ ತಿಂದರು, ಮುದುಕಿ ಕೊಟ್ಟ ಅಂಬಲಿ ಕುಡಿದರು. ಗಾಡಿಯ ಹಗ್ಗ ಬಿಚ್ಚಿ ಹೊಂಗೆಯ ಕೊಂಬೆಗೆ ಉಯ್ಯಾಲೆ ಕಟ್ಟಿದರು. ಸಾವಂತ್ರಿ ತೂಗಿಕೊಂಡಳು, ಕೊಟ್ರ ತೂಗಿಕೊಂಡ, ಎಲ್ಲರೂ ಬೇಡ ಬೇಡ ಎನ್ನುತ್ತಿದ್ದಂತೆಯೇ ಅಜ್ಜಿಯೂ ಏರಿ ಕೂತಳು. ಅವಳನ್ನು ತೂಗಿದವಳು ಸೊಸೆ. "ಮೆಲ್ಲಗೆ ಕಣೇ, ಹಿಂದಿನ ವರ್ಷದ ಸಿಟ್ಟು ಇಟ್ಟುಕೊಂಡು ದೂಡಬೇಡ," ಎಂದಳು ಅತ್ತೆ. ಇಬ್ಬರೂ ನಕ್ಕು ನಕ್ಕು ಉಯ್ಯಾಲೆಯೇ ನಿಂತಿತು.

ಹೆಂಡತಿ ಮತ್ತೆ ಹೊಂಗೆಯ ಬೇರಿನ ಹತ್ತಿರ ಮಲಗಿದಳು. ಈ ಸಲ ಕೂತು, ಎದ್ದು, ಸೆರಗು ಸರಿಪಡಿಸುವ ಗೊಂದಲವಿರಲಿಲ್ಲ. ಮಲಗಿದಳು ಅಷ್ಟೇ. ಎತ್ತುಗಳೂ ಮಲಗಿದವು. ಅವು ಮೆಲುಕು ಮುಗಿಸಿ ಎದ್ದವು. ಗಾಡಿಕಾರ ಏಳಲಿಲ್ಲ. ಬಾರುಕೋಲನ್ನು ಗಾಡಿಯ ಕೆಳಗೆ ಎಸೆದು, ಚಕ್ರಕ್ಕೆ ಒರಗಿ, ಅವಳ ಉಸಿರು ನೋಡುತ್ತಾ ಕೂತ. ನೊಣ ಓಡಿಸುವುದು ಈಗ ಅವನ ಪಾಲಿಗೆ ಬಂದಿತ್ತು. ಓಡಿಸುತ್ತಾ ಓಡಿಸುತ್ತಾ ಅವನ ಕೈ ನಿಧಾನವಾಯಿತು. ಕಣ್ಣು ಅರೆ ಮುಚ್ಚಿತು.

"ಅಪ್ಪಾ, ನೋಡಿಲ್ಲಿ!" ಎಂದು ಕೊಟ್ರ ಮರದ ಮೇಲಿಂದ ಕೂಗಲು ಬಾಯಿ ತೆರೆದ.

ಸಾವಂತ್ರಿ ತುಟಿಯ ಮೇಲೆ ಬೆರಳಿಟ್ಟು, "ಶ್, ಎಬ್ಬಿಸಬೇಡ," ಎಂದಳು.

ಮಳೆ ಬಂತು. ಮದುವೆ ಆಯಿತು. ಸಾವಂತ್ರಿ ದೂರದ ಊರು ಸೇರಿದಳು. ಅವಳಿಗೂ ಮಕ್ಕಳಾದವು. "ಮದುವೆಗೆ ಮುಂಚಿನ ಬೇಸಿಗೆಯಲ್ಲಿ ಎಲ್ಲಿಗೆ ಹೋಗಿದ್ರಿ ಅವ್ವಾ?" ಎಂದು ಮಕ್ಕಳು ಕೇಳಿದರೆ, "ಮೋಡಗಿರಿಗೆ," ಎನ್ನುತ್ತಿದ್ದಳು. "ಅಲ್ಲಿ ಏನಿತ್ತು?" ಎಂದು ಕೇಳಿದರೆ ಒದ್ದೆ ಮರಳಿನ ಕತೆ ಹೇಳುತ್ತಿದ್ದಳು, ಉಯ್ಯಾಲೆಯ ಕತೆ ಹೇಳುತ್ತಿದ್ದಳು, ಚಕ್ರಕ್ಕೆ ಒರಗಿ ಬಾಯಿ ತೆರೆದು ಮಲಗಿದ್ದ ತನ್ನ ಅಪ್ಪನ ಕತೆ ಹೇಳುತ್ತಿದ್ದಳು. ದೋಣಿಯ ಮಾತು ಅವಳ ಬಾಯಲ್ಲಿ ಒಂದು ಸಲವೂ ಬರುತ್ತಿರಲಿಲ್ಲ.

ಇಲ್ಲಿಗೆ ಅಜ್ಜಯ್ಯ ಕತೆ ಮುಗಿಸಿದರು.

ಹಾಲಪ್ಪನ ಮುಖ ಅರಳಿತ್ತು. ಬಲು ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿತು ಎನ್ನುವ ಹಾಗೆ ಮುಂದಕ್ಕೆ ಜರುಗಿ ಕೂತ.

"ಚಂದದ ಜಾಗ ಅಜ್ಜಯ್ಯಾ! ಆ ಅರವಟ್ಟಿಗೆ ಈಗಲೂ ಇದೆಯೇ? ಯಾವ ದಾರಿಯಲ್ಲಿ ಬರುತ್ತೆ ಹೇಳಿ. ಈ ಬೇಸಿಗೆ ನಮ್ಮವರನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ."

ಅಜ್ಜಯ್ಯ ಅವನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದರು: "ದಾರಿ ಆಮೇಲೆ ಹೇಳುತ್ತೇನೆ ಹಾಲಪ್ಪಾ, ನಿನ್ನ ಹೆಂಡತಿ ಹಗಲು ಹೊತ್ತಿನಲ್ಲಿ ನೆಮ್ಮದಿಯಾಗಿ ಮಲಗಿದ್ದನ್ನು ನೀನು ಕಡೆಯ ಸಲ ಕಂಡದ್ದು ಎಲ್ಲಿ?"